ಐರನ್‌ಸ್ಟೋನ್: ಅಡುಗೆಮನೆಯ ಗಟ್ಟಿಮುಟ್ಟಾದ ಬಿಳಿ ಪಾತ್ರೆಗಳು
ಸ್ಟಾಫರ್ಡ್‌ಶೈರ್, ಇಂಗ್ಲೆಂಡ್ | 19ನೇ ಶತಮಾನ

ಚೀನಾದ ಪಿಂಗಾಣಿಯ ಮೇಲೆ ಬ್ರಿಟನ್ನಿನಲ್ಲಿ ಭಾರಿ ಸುಂಕವಿದ್ದ ಕಾಲವದು. ನೋಡಲು ಪಿಂಗಾಣಿಯಂತಿದ್ದು, ದಿನಬಳಕೆಗೆ ತಡೆದುಕೊಳ್ಳುವ, ಕೈಗೆಟಕುವ ಬೆಲೆಯ ಪಾತ್ರೆ ಮಧ್ಯಮವರ್ಗದ ಮನೆಗಳಿಗೆ ಬೇಕಿತ್ತು. 1813ರಲ್ಲಿ ಕುಂಬಾರಿಕೆ ಉದ್ಯಮಿ ಚಾರ್ಲ್ಸ್ ಜೇಮ್ಸ್ ಮೇಸನ್ ‘ಪೇಟೆಂಟ್ ಐರನ್‌ಸ್ಟೋನ್ ಚೈನಾ’ ಎಂಬ ಇಂಥ ಪಾತ್ರೆಗೆ ಪೇಟೆಂಟ್ ಪಡೆದರು. ಮೊದಮೊದಲು ಈ ಪಾತ್ರೆಗಳ ಮೇಲೆ ಚೀನಾ, ಜಪಾನ್ ಶೈಲಿಯ ಗಾಢ ಬಣ್ಣದ ಚಿತ್ತಾರಗಳಿದ್ದವು.

1840ರ ದಶಕದಿಂದ ಚಿತ್ತಾರವಿಲ್ಲದ ಅಪ್ಪಟ ಬಿಳಿ ಪಾತ್ರೆಗಳು ಅಮೆರಿಕಕ್ಕೆ ಹೇರಳವಾಗಿ ರಫ್ತಾದವು. ರೈತಾಪಿ ಮನೆಗಳು ಇವನ್ನು ಮೆಚ್ಚಿ ಕೊಂಡವು.

ಹತ್ತಿರದಿಂದ ನೋಡಿ
ಈ ಹೂಜಿಯ ಹಿಡಿಕೆಯ ಬುಡದಲ್ಲಿ ಗೋಧಿ ತೆನೆಗಳು ಉಬ್ಬಿ ನಿಂತಿವೆ. ಅಚ್ಚಿನಲ್ಲೇ ಮೂಡಿದ ಈ ಅಲಂಕಾರಕ್ಕೆ ಬಣ್ಣದ ಹಂಗಿಲ್ಲ. ಬೆಳಕು ಬಿದ್ದಾಗ ಒಂದೊಂದು ಕಾಳೂ ಎದ್ದು ಕಾಣುತ್ತದೆ. ಮೆರುಗಿನಲ್ಲಿರುವ ಎಳೆಎಳೆಯಾದ ಬಿರುಕುಗಳಿಗೆ ವರ್ಷಗಳ ಬಳಕೆಯಲ್ಲಿ ಕಂದುಬಣ್ಣ ಇಳಿದಿದೆ.

ಕಾಲ ಗುರುತಿಸುವುದು ಹೇಗೆ?
ಪಾತ್ರೆಯ ತಳದಲ್ಲಿ ವಜ್ರಾಕಾರದ ಮುದ್ರೆಯಿದ್ದರೆ, ಆ ವಿನ್ಯಾಸ 1842 ಮತ್ತು 1883ರ ನಡುವೆ ಬ್ರಿಟನ್ನಿನಲ್ಲಿ ನೋಂದಣಿಯಾದದ್ದು. ಮುದ್ರೆಯ ಮೂಲೆಗಳಲ್ಲಿರುವ ಅಕ್ಷರ, ಅಂಕಿಗಳು ನೋಂದಣಿಯ ದಿನಾಂಕವನ್ನು ತಿಳಿಸುತ್ತವೆ.

ಇಂದಿನ ಮನೆಗಳಲ್ಲಿ
ಹಾಲುಬಿಳುಪು, ಕೆನೆಬಣ್ಣ, ತುಸು ನೀಲಿ ಛಾಯೆಯ ಬಿಳಿ ಹೀಗೆ ಒಂದೊಂದರ ಬಿಳುಪೂ ಬೇರೆ. ಆದರೂ ಬೇರೆ ಬೇರೆ ಕಾರ್ಖಾನೆಗಳ ತಟ್ಟೆ, ಬೋಗುಣಿ, ಸೂಪ್ ಪಾತ್ರೆಗಳು ಒಂದೇ ಕಪಾಟಿನಲ್ಲಿ ಸೊಗಸಾಗಿ ಹೊಂದಿಕೊಳ್ಳುತ್ತವೆ. ಚೆಂದದ ಜೊತೆಗೆ ಬಾಳಿಕೆಯನ್ನೂ ಬಯಸುವವರಿಗೆ ಇವು ಇಂದಿಗೂ ಅಚ್ಚುಮೆಚ್ಚು. ಬಿರುಕುಗಳಲ್ಲಿ ತೇವ ಇಳಿಯುವುದರಿಂದ ಇಂಥ ಹಳೆಯ ಪಾತ್ರೆಗಳನ್ನು ಒಲೆ, ಮೈಕ್ರೋವೇವ್‌ಗಳಿಂದ ದೂರವಿಡುವುದು ಒಳ್ಳೆಯದು.