ಹೊಳೆಯ ತಳದ ಸಾಕ್ಷಿಗಳು

ಹೊಳೆಯ ನೀರು ಕೆಟ್ಟಿದೆಯೆ ಎಂದು ತಿಳಿಯಲು ಒಂದು ಸೀಸೆ ನೀರನ್ನು ಪ್ರಯೋಗಶಾಲೆಗೆ ಕಳುಹಿಸುವುದು ನಮಗೆಲ್ಲ ಪರಿಚಿತವಾದ ಕ್ರಮ. ಆದರೆ ಆ ಸೀಸೆ ಹೇಳುವುದು ತನ್ನನ್ನು ತುಂಬಿದ ಗಳಿಗೆಯ ಸಂಗತಿಯನ್ನು ಮಾತ್ರ. ರಾತ್ರಿ ಹರಿಯಬಿಟ್ಟ ವಿಷ ಬೆಳಗಾಗುವುದರೊಳಗೆ ಬಹುದೂರ ಸಾಗಿಹೋಗಿರುತ್ತದೆ. ತಳದ ಕಲ್ಲುಗಳ ಅಡಿಯಲ್ಲಿ ತಿಂಗಳುಗಟ್ಟಲೆ ಬಾಳುವ ಹುಳುಹುಪ್ಪಟೆಗಳಿಗಾದರೋ ಹಾಗೆ ಹೋಗಿಬಿಡುವುದು ಸುಲಭವಲ್ಲ. ಅವುಗಳಲ್ಲಿ ಯಾವುವು ಉಳಿದಿವೆ, ಯಾವುವು ಅಳಿದಿವೆ ಎಂಬುದರಲ್ಲಿ ನೀರಿನ ಚರಿತ್ರೆ ಅಡಗಿರುತ್ತದೆ.

ಈ ಚರಿತ್ರೆಯನ್ನು ಓದುವ ಬಗೆಯನ್ನು ವ್ಯವಸ್ಥಿತವಾಗಿ ರೂಪಿಸಿದವರಲ್ಲಿ ಮೊದಲಿಗರು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್. ಕೊಳಚೆ ಸೇರಿದ ಹೊಳೆ ಮುಂದೆ ಹರಿದಂತೆ ಮೆಲ್ಲಮೆಲ್ಲನೆ ತಿಳಿಯಾಗುತ್ತದಷ್ಟೆ. ಒಂದೊಂದು ಹಂತದಲ್ಲಿ ಯಾವ ಸಸ್ಯಗಳು ನೆಲೆಸುತ್ತವೆಂಬುದನ್ನು 1908ರಲ್ಲಿ, ಯಾವ ಪ್ರಾಣಿಗಳೆಂಬುದನ್ನು 1909ರಲ್ಲಿ ಅವರು ಪ್ರಕಟಿಸಿದರು. ಪಾಂಡಿತ್ಯವೇನೋ ದೊಡ್ಡದು, ಆದರೆ ನೂರಾರು ಜಾತಿಗಳನ್ನು ಗುರುತಿಸಬಲ್ಲ ವಿದ್ವಾಂಸನಿಲ್ಲದ ಕಡೆ ಆ ಪಟ್ಟಿ ಓದುಗನಿಲ್ಲದ ಶಾಸನದಂತೆ.

ಇಂಗ್ಲೆಂಡಿನಲ್ಲಿ ಟ್ರೆಂಟ್ ನದಿಯನ್ನು ಪರೀಕ್ಷಿಸುತ್ತಿದ್ದ ವುಡಿವಿಸ್ 1964ರಲ್ಲಿ ಇದನ್ನು ಸರಳಗೊಳಿಸಿ, ದೊರೆತ ಜೀವಿಗಳನ್ನು ನೋಡಿ ಹೊಳೆಗೆ 0ಯಿಂದ 10ರವರೆಗೆ ಅಂಕ ಕೊಡುವ ಪದ್ಧತಿಯನ್ನು ತಂದರು. 1976ರಲ್ಲಿ ಅಲ್ಲಿ ನೇಮಕಗೊಂಡ ಸಮಿತಿಯೊಂದು ಜಾತಿಯನ್ನೇ ಬಿಟ್ಟು ಕುಟುಂಬಕ್ಕೆ ಅಂಕವಿತ್ತಿತು: ಸ್ಟೋನ್‌ಫ್ಲೈ, ಮೇಫ್ಲೈಗಳ ಹಲವು ಕುಟುಂಬಗಳಿಗೆ 10, ಕೆಸರಿನ ಎರೆಹುಳುವಿನಂಥವಕ್ಕೆ 1. ಕಾರಣ ಸ್ಪಷ್ಟ. ಮೊದಲಿನವಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಯಥೇಚ್ಛವಾಗಿ ಬೇಕು. ಕೆಸರಿನ ಕೆಂಪುಹುಳುಗಳಿಗೋ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಉಂಟು, ಇರುವ ಅಲ್ಪವನ್ನೇ ಹೀರಿಕೊಂಡು ಬದುಕುತ್ತವೆ. ಲೆಕ್ಕ ಒರಟಾದದ್ದು ನಿಜ. ಆ ಒರಟುತನದಿಂದಲೇ ಅದು ಸಾಮಾನ್ಯರ ಕೈಗೆ ಎಟುಕಿತೆಂದು ನನ್ನ ಎಣಿಕೆ.

ಮೇಫ್ಲೈಯನ್ನು ಗ್ರೀಕರು ಒಂದು ದಿನದ ಜೀವಿ ಎಂದು ಕರೆದರು. ರೆಕ್ಕೆ ಮೂಡಿದ ಮೇಲಿನ ಬಾಳನ್ನಷ್ಟೆ ಅವರು ಕಂಡಿದ್ದರು. ಅದಕ್ಕೆ ಮೊದಲು ಅದು ಎಷ್ಟೋ ತಿಂಗಳು, ಕೆಲವೆಡೆ ವರ್ಷಕ್ಕೂ ಮಿಗಿಲಾಗಿ, ನೀರಿನಡಿಯಲ್ಲಿ ಕಳೆದಿರುತ್ತದೆ.

2013ರ ಜುಲೈನಲ್ಲಿ ದಕ್ಷಿಣ ಇಂಗ್ಲೆಂಡಿನ ಕೆನೆಟ್ ಹೊಳೆಯಲ್ಲಿ, ಹೀಗೆ ಹುಳು ಎಣಿಸುವುದನ್ನು ಕಲಿತಿದ್ದ ಸ್ವಯಂಸೇವಕರು ಎಂದಿನಂತೆ ಬಲೆಯಾಡಿಸಿದರು. ಮಾರ್ಲ್‌ಬರೋ ಪಟ್ಟಣದಿಂದ ಕೆಳಕ್ಕೆ ಸುಮಾರು 15 ಕಿಲೋಮೀಟರ್‌ವರೆಗೆ ಸಿಗಡಿಗಳೂ ಹುಳುಗಳೂ ಸತ್ತಿದ್ದವು. ನೀರು ಮಾತ್ರ ಕಣ್ಣಿಗೆ ತಿಳಿಯಾಗಿಯೇ ಇತ್ತು. ಹುಡುಕಿದಾಗ ಸಿಕ್ಕಿದ್ದು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ. ಅದು ಹೊಳೆ ಸೇರಿದ್ದು ಪಟ್ಟಣದ ಕೊಳಚೆ ಶುದ್ಧೀಕರಣ ಘಟಕದ ಮೂಲಕ.