ಇಚಲಕರಂಜಿಯ ‘ಮೀರಾ’: ಪರೀಕ್ಷೆಯ ಕಣ ಸಿಗದ ಪುಟ್ಟ ಕಾರು

ಭಾರತದ ಮೋಟಾರು ಉದ್ಯಮದ ಚರಿತ್ರೆ ಹಿಂದೂಸ್ತಾನ್ ಮೋಟರ್ಸ್, ಪ್ರೀಮಿಯರ್, ಮಾರುತಿ ಎಂಬ ದೊಡ್ಡ ಹೆಸರುಗಳ ಸುತ್ತಲೇ ಬೆಳೆದಿದೆ. ಬೆಳಗಾವಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ 1949ರಲ್ಲಿ ಸಿದ್ಧಪಡಿಸಿದ ‘ಮೀರಾ’ ಕಾರಿಗೆ ಅದರಲ್ಲಿ ಸಿಕ್ಕಿರುವ ಜಾಗ ತೀರ ಕಡಿಮೆ. ಅದೇ ವರ್ಷಗಳಲ್ಲಿ ಯುರೋಪಿನ ಸಣ್ಣ ತಯಾರಕರು ದೀರ್ಘಾವಧಿ ರೇಸುಗಳಿಂದ ಹೆಸರು ಮಾಡಿದರು. ಇಬ್ಬರ ದಾರಿ ಎಲ್ಲಿ ಕವಲೊಡೆಯಿತು ಎಂಬುದೇ ಈ ಲೇಖನದ ಪ್ರಶ್ನೆ.

ಮೀರಾ ಹುಟ್ಟಿದ್ದು ಯಂತ್ರಗಳ ಒಡನಾಟವಿದ್ದ ನೆಲದಲ್ಲಿ. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ 1904ರಲ್ಲೇ ವಿದ್ಯುತ್ ಮಗ್ಗ ನಡೆಸಿದ್ದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಮುಂದೆ ಕೊಲ್ಹಾಪುರ ಎರಕದ ಕೆಲಸಕ್ಕೂ ಆಯಿಲ್ ಎಂಜಿನ್ನುಗಳಿಗೂ ಹೆಸರಾಯಿತು.

ಮೊದಲ ಮೀರಾ ಎರಡೇ ಸೀಟಿನದು. 1970ರ ದಶಕದವರೆಗೂ ಕುಲಕರ್ಣಿ ಅದನ್ನು ತಿದ್ದುತ್ತ ಹೊಸ ಮಾದರಿಗಳನ್ನು ಮಾಡಿದರು. ಎಂಜಿನ್ನನ್ನು ಹಿಂಭಾಗದಲ್ಲಿ ಕೂರಿಸಿದ್ದರಿಂದ ಮುಂದಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಬೇಕಾಗಲಿಲ್ಲ. ತೂಕವೂ ಖರ್ಚೂ ಇಳಿದವು. ಸಸ್ಪೆನ್ಷನ್ನಿಗೆ ರಬ್ಬರ್ ಬಳಸಿದರು. 1959ರಲ್ಲಿ ಬಂದ ಬ್ರಿಟನ್ನಿನ ಮಿನಿ ಕೂಡ ರಬ್ಬರನ್ನೇ ನೆಚ್ಚಿತ್ತು. ಸುಮಾರು 12,000 ರೂಪಾಯಿಗೆ ಕಾರು ಮಾರಬೇಕೆಂಬುದು ಕುಲಕರ್ಣಿ ಅವರ ಗುರಿ.

ಇನ್ನು ಯುರೋಪ್. 1948ರಲ್ಲಿ ಪೋರ್ಷೆಯ ಮೊದಲ 356 ಸಿದ್ಧವಾದದ್ದು ಆಸ್ಟ್ರಿಯಾದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ. ಮೂರೇ ವರ್ಷದಲ್ಲಿ ಆ ಮಾದರಿಯ ಕಾರು ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಓಟದಲ್ಲಿ 1,100 ಸಿಸಿ ವರ್ಗವನ್ನು ಗೆದ್ದಿತು. ಒಟ್ಟಾರೆ ಸ್ಥಾನ 20 ಆಗಿದ್ದರೂ ಆ ಗೆಲುವಿಗೆ ಬೆಲೆಯಿತ್ತು. ಎಂಜಿನ್ನಿನ ಗಾತ್ರಕ್ಕೆ ಎಷ್ಟು ದೂರ ಕ್ರಮಿಸಿತು ಎಂದು ಅಳೆಯುವ ಪ್ರತ್ಯೇಕ ಬಹುಮಾನವೂ ಅಲ್ಲಿತ್ತು. 1957ರಲ್ಲಿ ಬರೀ 744 ಸಿಸಿಯ ಲೋಟಸ್ ಇಲೆವೆನ್ ಅದನ್ನು ಗೆದ್ದಿತು. ಹಗಲಿರುಳು ಓಡಿ ಮುಗಿಸಿದ ಕಾರನ್ನು ಗಿರಾಕಿ ನಂಬುತ್ತಿದ್ದ, ಸಾಲ ಕೊಡುವವನೂ ನಂಬುತ್ತಿದ್ದ. ಸಣ್ಣವರ ಸಾಮರ್ಥ್ಯ ಎಲ್ಲರ ಕಣ್ಣೆದುರಿಗೇ ಸಾಬೀತಾಗುತ್ತಿತ್ತು.

ಮೀರಾಗೆ ಸಿಕ್ಕದ್ದು ಬೇರೆಯೇ ಪರೀಕ್ಷೆ. 1951ರ ಕೈಗಾರಿಕಾ ಕಾಯ್ದೆಯ ನಂತರ ಯಾರು ಕಾರು ಮಾಡಬೇಕೆಂದು ತೀರ್ಮಾನಿಸುವುದು ಸರ್ಕಾರದ ಕೈಗೆ ಹೋಯಿತು. ಮದರಾಸಿನ ಹತ್ತಿರ ಶೋಲಾವರಂನಲ್ಲಿ ರೇಸುಗಳು ನಡೆಯುತ್ತಿದ್ದವು, ನಿಜ. ಆದರೆ ಅಲ್ಲಿ ಗೆದ್ದರೂ ಕಾರು ತಯಾರಿಸುವ ಲೈಸೆನ್ಸ್ ಸಿಗುವ ಹಾಗಿರಲಿಲ್ಲ. ಸರ್ಕಾರವೇ ನೇಮಿಸಿದ ಎಲ್.ಕೆ. ಝಾ ಸಮಿತಿ ಅಗ್ಗದ ಕಾರಿನ ಪರ ಮಾತಾಡಿದ ಮೇಲೂ ಕಡತಗಳು ದಶಕಗಟ್ಟಲೆ ಅಲೆದವು. ಕೊನೆಗೆ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದದ್ದು ಸುಜುಕಿ ತಂತ್ರಜ್ಞಾನದ ಮಾರುತಿ 800. ಮೀರಾದ ಉತ್ಪಾದನೆ ಆರಂಭವಾಗಲೇ ಇಲ್ಲ.

ರೇಸಿಗಿಳಿದಿದ್ದರೆ ಮೀರಾ ಗೆಲ್ಲುತ್ತಿತ್ತು ಎಂಬುದು ಇಲ್ಲಿನ ವಾದವಲ್ಲ. ಲ ಮಾನ್‌ನಲ್ಲಿ ಸೋತವರೂ ತಮ್ಮ ಯಂತ್ರದ ದೋಷವೇನೆಂದು ತಿಳಿದು, ಮರುವರ್ಷ ತಿದ್ದಿಕೊಂಡು ಬರುತ್ತಿದ್ದರು; ತಿರಸ್ಕೃತ ಅರ್ಜಿಯಿಂದ ಕಾರಿನ ಬಗ್ಗೆ ಕಲಿಯುವುದೇನೂ ಇಲ್ಲ. ಆದ್ದರಿಂದ ಮೀರಾವನ್ನು ಒಬ್ಬ ಸಾಹಸಿಯ ಕೈಗೂಡದ ಕನಸೆಂದು ಬದಿಗಿಡಬಾರದು. ಸಣ್ಣ ಊರಿನ ತಾಂತ್ರಿಕ ಪ್ರತಿಭೆಯನ್ನು ಒರೆಗೆ ಹಚ್ಚುವ ವ್ಯವಸ್ಥೆಯನ್ನೇ ನಾವು ಕಟ್ಟಿರಲಿಲ್ಲ ಎಂಬುದಕ್ಕೆ ಅದು ಸಾಕ್ಷ್ಯ. ಭಾರತೀಯ ಮೋಟಾರು ಚರಿತ್ರೆಯಲ್ಲಿ ಅದಕ್ಕೊಂದು ಅಧ್ಯಾಯ ಸಲ್ಲಬೇಕು.