ಹೊಳೆ ದಾಟಿಸಿದ ಬುಟ್ಟಿ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಹಂಪಿಗೆ ಹೋಗೋಣ. ಕಲ್ಲಿನ ರಥ ನೋಡೋಕಲ್ಲ, ಹೊಳೆ ದಾಟೋಕೆ.

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನ ಆನೆಗೊಂದಿಗೆ ದಾಟುತ್ತಿದ್ದ ಹರಿಗೋಲಿನ ಬಗ್ಗೆ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. 15–20 ಜನ ಹಿಡಿಸುತ್ತಿತ್ತಂತೆ. ಬೇಕಾದರೆ ಕುದುರೆ, ಎತ್ತು ಕೂಡ. ನೇರ ಹೋಗಲ್ಲ, ತಿರುಗುತ್ತಲೇ ಇರುತ್ತೆ ಅಂತಲೂ ಸೇರಿಸಿದ್ದಾನೆ.

ಅಷ್ಟು ಶ್ರೀಮಂತ ರಾಜಧಾನಿಗೆ ಬುಟ್ಟಿ ಯಾಕೆ? ನಾನು ಬಿಕಾಂ, ಖರ್ಚಿನ ಲೆಕ್ಕವೇ ಮೊದಲು ಹೊಳೆಯೋದು. ತುಂಗಭದ್ರೆ ತುಂಬಾ ಬಂಡೆ. ಚಪ್ಪಟೆ ತಳದ ಹರಿಗೋಲು ಮೊಣಕಾಲುದ್ದ ನೀರಲ್ಲೂ ತೇಲುತ್ತೆ. ಹರಿದರೆ ದಡದಲ್ಲೇ ತೇಪೆ, ಕೆಲಸ ಮುಗಿದರೆ ತಲೆ ಮೇಲೆ ಹೊತ್ತು ಮನೆಗೆ. 1800ರಲ್ಲಿ ಧೋಂಡಿಯ ವಾಘನ ಬೆನ್ನತ್ತಿದ ಆರ್ಥರ್ ವೆಲ್ಲೆಸ್ಲಿ (ಹೌದು, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನೇ) ಹೊಳೆ ದಾಟಲು ನೆಚ್ಚಿಕೊಂಡಿದ್ದೂ ಇಂಥ ಬುಟ್ಟಿದೋಣಿಗಳನ್ನೇ.

ವಿಠ್ಠಲ ದೇವಸ್ಥಾನದ ಹತ್ತಿರ ಹಳೇ ಸೇತುವೆಯ ಕಲ್ಲುಕಂಬಗಳಷ್ಟೇ ಉಳಿದಿವೆ. ಆನೆಗೊಂದಿಗೆ ಕಟ್ಟುತ್ತಿದ್ದ ಹೊಸ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಶಾಲೆಗೆ, ಸಂತೆಗೆ ಹೊಳೆ ದಾಟುವವರಿಗೆ ಮತ್ತೆ ದೋಣಿಯೇ ಗತಿಯಾಯ್ತು.

ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಕಳೆದ ಸಲ ಹೋದಾಗ ರೀಲ್ಸ್ ಆಸೆಗೆ ನಾನೂ ಕೇಳಿದ್ದೆ: “ಅಣ್ಣಾ, ಒಂದು ರೌಂಡ್ ತಿರುಗಿಸ್ತೀರಾ?”

ಹುಟ್ಟು ಹಾಕುತ್ತಿದ್ದವರು ನಕ್ಕರು. “ತಿರುಗ್ಸೋದು ಏನ್ ದೊಡ್ಡದ್ರೀ? ತಿರುಗದಂಗ ದಾಟಸೋದೈತಲ್ಲ, ಅದು ಕೆಲಸ.”